ಬಿಡು, ನೀನು ಓದ್ಕೋ

ಈ ಸಲ ರಜೆಗೆ ಬಂದಾಗ ಹಾಸನದಲ್ಲಿ ಅಕ್ಕನ ಮನೆ ಗೃಹಪ್ರವೇಶ. ಮೊದಲ ಪಂಕ್ತಿ ಕೂತ ಕೂಡಲೇ ನನ್ನ ಎಂಟು ವರ್ಷದ ಮಗ ನೀರಿನ ಜಗ್ ಹಿಡಿದು ಹೊರಟ. "ಅಯ್ಯೋ, ಮಗು ಕೈಲಿ ಕೆಲಸ ಮಾಡಿಸ್ತೀಯೇನೋ? ಕೇಟರಿಂಗ್‌ನೋರು ಇದಾರಲ್ಲ!" ಅಂತ ದೊಡ್ಡಮ್ಮ ಜಗ್ ಕಿತ್ತುಕೊಂಡರು. ಆಚೆ ಸಾಲಿನಲ್ಲಿ ಅದೇ ವಯಸ್ಸಿನ ಅಕ್ಕನ ಮಗಳು ಉಪ್ಪು, ಉಪ್ಪಿನಕಾಯಿ ಬಡಿಸುತ್ತಿದ್ದಳು. ಅವಳಿಗೆ ಯಾರೂ ಅಯ್ಯೋ ಅನ್ನಲಿಲ್ಲ.

ನಾವಿರುವುದು ಜಪಾನಿನ ಯೊಕೊಹಾಮಾದಲ್ಲಿ. ಮಗನ ಶಾಲೆಯಲ್ಲಿ ಮಧ್ಯಾಹ್ನದ ಊಟ ಬಡಿಸುವವರು ಮಕ್ಕಳೇ. ವಾರಕ್ಕೊಂದು ಗುಂಪಿನ ಸರದಿ. ಬಿಳಿ ಏಪ್ರನ್, ಟೋಪಿ, ಮಾಸ್ಕ್ ಹಾಕಿಕೊಂಡು ಇಬ್ಬಿಬ್ಬರು ಸೂಪಿನ ಪಾತ್ರೆ ಹೊತ್ತು ತರುತ್ತಾರೆ. ಸೌಟು ಹಿಡಿದವನು ಕೊನೆಯವನಿಗೂ ಸಾಲಬೇಕಲ್ಲ ಅಂತ ಪಾತ್ರೆಯೊಳಗೆ ಇಣುಕಿ ಇಣುಕಿ ಬಡಿಸುತ್ತಾನೆ. ಎಲ್ಲರಿಗೂ ಬಡಿಸಿದ ಮೇಲೇ ಊಟ. ಶುಕ್ರವಾರ ಏಪ್ರನ್ ಮನೆಗೆ ಬರುತ್ತದೆ. ಒಗೆದು, ಇಸ್ತ್ರಿ ಮಾಡಿ, ಸೋಮವಾರ ಮುಂದಿನವರಿಗೆ ಕೊಡಬೇಕು. ಆಮೇಲೆ ತರಗತಿ ಗುಡಿಸಿ ಒರೆಸುವುದೂ ಇದೆ. ಚಪ್ಪಾಳೆಯೂ ಇಲ್ಲ, ಬಹುಮಾನವೂ ಇಲ್ಲ.

ನಮ್ಮಲ್ಲಿ ಲೋಟ ಎತ್ತಿಟ್ಟರೆ ಜಾಣಮರಿ, ಚಾಕ್ಲೇಟು. ಮಿಕ್ಕ ಹೊತ್ತೆಲ್ಲ "ಬಿಡು, ನೀನು ಓದ್ಕೋ". ಎಸ್ಸೆಸ್ಸೆಲ್ಸಿ ಬಂತೆಂದರೆ ನೀರೂ ಕೂತಲ್ಲಿಗೇ. ಜರ್ಮನಿಯ ಲೈಪ್ಸಿಗ್‌ನ ಸಂಶೋಧಕರು 20 ತಿಂಗಳ ಕೂಸುಗಳನ್ನು ನೋಡಿ 2008ರಲ್ಲೇ ಬರೆದಿದ್ದಾರೆ: ಸಹಾಯಕ್ಕೆ ಬಹುಮಾನ ಸಿಕ್ಕ ಮಕ್ಕಳು ಆಮೇಲೆ ಕಮ್ಮಿ ಸಹಾಯ ಮಾಡಿದವು. ನನಗೆ ಅದು ಬೇಕಿರಲಿಲ್ಲ ಬಿಡಿ, ನಮ್ಮ ನೆಂಟರ ಮಕ್ಕಳನ್ನು ನೋಡಿದರೇ ಸಾಕು.

ಹಾಗಂತ ನಮ್ಮ ಶಾಲೆಗಳಿಗೂ ಇದನ್ನು ತನ್ನಿ ಅನ್ನಲು ನಾಲಿಗೆ ಏಳುವುದಿಲ್ಲ. ನಮ್ಮಲ್ಲಿ ಪೊರಕೆ ಯಾರ ಕೈಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಬಯಲಾಯಿತು. ಅದು ಸಹಾಯವೂ ಅಲ್ಲ, ಸರದಿಯೂ ಅಲ್ಲ. ಮೇಷ್ಟ್ರ ಮಗನಿಗೂ ಶಾಸಕರ ಮಗಳಿಗೂ ಅದೇ ಪೊರಕೆ ಬರುವ ಹಾಗಿದ್ದರೆ ಮಾತು ಬೇರೆ.

ಇನ್ನೊಂದನ್ನೂ ಹೇಳಲೇಬೇಕು, ಇಷ್ಟವಿಲ್ಲದಿದ್ದರೂ. ಸರದಿ ಇಲ್ಲದ ಕಡೆ ಜಪಾನಿನವರು ಅಷ್ಟು ಸಲೀಸಾಗಿ ಕೈ ಹಾಕುವುದಿಲ್ಲ. ಮಗ ಚಿಕ್ಕವನಿದ್ದಾಗ ಅವನ ತಳ್ಳುಗಾಡಿ ಎತ್ತಿಕೊಂಡು ಸ್ಟೇಷನ್ ಮೆಟ್ಟಿಲು ಹತ್ತುತ್ತಿದ್ದರೆ, ಜನ ಮೊಬೈಲ್ ನೋಡುತ್ತಾ ಪಕ್ಕದಲ್ಲೇ ಹೋಗುತ್ತಿದ್ದರು. ಮೆಜೆಸ್ಟಿಕ್‌ನಲ್ಲಾಗಿದ್ದರೆ ಕೇಳುವ ಮೊದಲೇ ಯಾರೋ ಒಂದು ಕಡೆ ಹಿಡಿದುಕೊಂಡಿರುತ್ತಿದ್ದರು. ಮೇಲೆ ಹೋಗುವಷ್ಟರಲ್ಲಿ, ಈ ಚಳೀಲಿ ಕೂಸಿಗೊಂದು ಕುಲಾವಿ ಹಾಕೋಕಾಗಲ್ವಾ ಅಂತ ಬೈಯ್ದೂ ಇರುತ್ತಿದ್ದರು.