ಸಾಹೇಬ್ರ, ಮೊದಲ ಬಾಯಿಬಿಟ್ಟ ಕೇಳ್ರಿ

ಬೆಳಗಾವಿಯ ಗಣಪತಿ ಗಲ್ಲಿಯಲ್ಲಿ ತುಂಬಿದ ಸಂಜೆ, ಒಬ್ಬ ಪೇದೆಯ ಕುತ್ತಿಗೆಗೆ ಇಬ್ಬರು ಕೈ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಲಾಠಿ ಗಟಾರಿನ ಪಾಲಾಗಿದೆ. ಕಾನೂನು ಬಲ್ಲ ನಾಗರಿಕ ಆಗ ಮಾಡಬೇಕಾದ ಮೊದಲ ಕೆಲಸ, ಕಾಯುವುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 31ನೇ ಕಲಮಿನ ಪ್ರಕಾರ ಆರೋಪಿಯನ್ನು ಹಿಡಿಯಲು, ಶಾಂತಿಭಂಗ ತಡೆಯಲು ಪೊಲೀಸರು ಸಮಂಜಸವಾಗಿ ನೆರವು ಕೇಳಿದರೆ ಪ್ರತಿಯೊಬ್ಬನೂ ಕೊಡಲೇಬೇಕು. ಕೇಳಿದರೆ! ಗಂಟಲು ಇನ್ನೊಬ್ಬರ ಮುಷ್ಟಿಯಲ್ಲಿರುವಾಗ ಸಮಂಜಸವಾಗಿ ಕೇಳುವುದು ಹೇಗೆಂಬುದು ಪೇದೆಗೆ ಬಿಟ್ಟ ವಿಚಾರ. "ಸಾಹೇಬ್ರು ಏನೂ ಅನ್ಲೇ ಇಲ್ರಿ, ಕರೀದನ ನಾವ್ ಹ್ಯಾಂಗ ನಡುವ ಹೋಗೂದು?" ಎಂಬ ಮರ್ಯಾದೆಯ ಮಾತಿಗೆ ಎದುರುತ್ತರವಿಲ್ಲ.

ಕೇಳಿದರೂ ಹೋಗದಿದ್ದರೆ? ಹಳೆಯ ದಂಡಸಂಹಿತೆಯ ಜಾಗಕ್ಕೆ ಬಂದಿರುವ ನ್ಯಾಯ ಸಂಹಿತೆಯ 222ನೇ ಕಲಮಿನಡಿ ಒಂದು ತಿಂಗಳವರೆಗೆ ಸಾದಾ ಸಜೆ ಅಥವಾ 2,500 ರೂಪಾಯಿವರೆಗೆ ದಂಡ. ಅಪರಾಧ ತಡೆಯಲು ಕರೆದಿದ್ದರೆ ಆರು ತಿಂಗಳು, 5,000. ಇದು 2024ರ ಜುಲೈನಿಂದ ಏರಿದ ದರ. ಅದಕ್ಕೂ ಹಿಂದೆ, 1860ರ ದಂಡಸಂಹಿತೆಯಲ್ಲಿ ಗರಿಷ್ಠ ದಂಡ 500. ಹೆಲ್ಮೆಟ್ ಇಲ್ಲದ ತಲೆಗೂ 500, ಪೇದೆಯ ತಲೆ ಒಡೆಯುವಾಗ ಕೈಕಟ್ಟಿ ನಿಂತವನಿಗೂ 500. ನಮ್ಮ ಜನ ಈ ಸಮಾನತೆಯನ್ನು ಚೆನ್ನಾಗಿ ಗ್ರಹಿಸಿದ್ದಾರೆ. "ಹ್ವಾದ ತಿಂಗಳ ಚನ್ನಮ್ಮ ಸರ್ಕಲ್‌ನ್ಯಾಗ ನನ್ನ ಗಾಡಿ ಹಿಡದಿದ್ರಲಾ, ಈಗ ಅನುಭವಸ್ಲಿ." ಹಿಡಿದವನು ಬೇರೆ, ಹೊಡೆಸಿಕೊಳ್ಳುತ್ತಿರುವವನು ಬೇರೆ. ಇರಲಿ, ಖಾಕಿ ಒಂದೇ, ಖಾತೆಯೂ ಒಂದೇ.

ಕರೆಯದೆಯೂ ನುಗ್ಗುವ ಹಕ್ಕು ನ್ಯಾಯ ಸಂಹಿತೆಯ 35ನೇ ಕಲಮಿನಲ್ಲಿದೆ. ನಮ್ಮ ದೇಹವನ್ನಷ್ಟೇ ಅಲ್ಲ, ಬೇರೆ ಯಾರ ದೇಹವನ್ನಾದರೂ ರಕ್ಷಿಸಬಹುದು, ಬೇಕಾದಷ್ಟೇ ಬಲ ಬಳಸಿ. ಆ 'ಯಾರ'ದಲ್ಲಿ ಪೊಲೀಸರೂ ಸೇರುತ್ತಾರೆ ಎಂಬ ಗುಟ್ಟನ್ನು ಬಹಿರಂಗಪಡಿಸಿದ್ದಕ್ಕೆ ಕ್ಷಮೆ ಇರಲಿ.

ಸದ್ಯ ಎಲ್ಲರೂ ಆರಿಸಿಕೊಂಡಿರುವ ಸುರಕ್ಷಿತ ದಾರಿ ವಿಡಿಯೊ. ಮೊಬೈಲನ್ನು ತಲೆಮೇಲೆತ್ತಿ ಹಿಡಿದರೆ ಮುಂದಿನವರ ಬೋಳುತಲೆ ಸ್ಪಷ್ಟವಾಗಿ ಬರುತ್ತದೆ. ಕೇಸಿಗೆ ಬೇಕಾದದ್ದು ಹೊಡೆದವನ ಮುಖ, ಆಯುಧ ಹಿಡಿದ ಕೈ, ಗಾಡಿಯ ನಂಬರ್, ಓಡಿದ ದಿಕ್ಕು. ಇವು ನಾಲ್ಕೂ ಬಿಟ್ಟು ಮಿಕ್ಕೆಲ್ಲ ಸೆರೆಯಾಗುತ್ತದೆ. ಆಮೇಲೆ ಅದು ವಾಟ್ಸಾಪ್ ಗ್ರೂಪುಗಳಿಗೆ ಹೊರಡುತ್ತದೆ. ವಾಟ್ಸಾಪ್ ಕಡತವನ್ನು ಕುಗ್ಗಿಸುವುದರಿಂದ ಹ್ಯಾಶ್ ಮೌಲ್ಯ, ಅಂದರೆ ಕಡತದ ಡಿಜಿಟಲ್ ಬೆರಳಚ್ಚು, ಬದಲಾಗುತ್ತದೆ, ಮೂಲದೊಂದಿಗೆ ತಾಳೆಯಾಗುವುದಿಲ್ಲ. ಹಾಗಾಗಿ ಪೊಲೀಸರಿಗೆ ಮೂಲ ಮೊಬೈಲೇ ಬೇಕು. ವಿಡಿಯೊದಂಥ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಒಂದು ಭಾಗಕ್ಕೆ ಮೊಬೈಲ್ ಧಣಿಯ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಕೋರ್ಟು ಕಚೇರಿ ಬೇಡವೆಂದು ದೂರ ನಿಂತವನು ಕಟಕಟೆಗೇ ಬಂದು ನಿಲ್ಲುತ್ತಾನೆ. ಮೊಬೈಲು ಅವನಿಗಿಂತ ಮುಂಚೆಯೇ ಅಲ್ಲಿರುತ್ತದೆ.

112ಕ್ಕೆ ಫೋನು? ಅದನ್ನು ಪಕ್ಕದವರು ಮಾಡಿರುತ್ತಾರೆ. ಪಕ್ಕದವರೂ ಹಾಗೇ ಅಂದುಕೊಂಡಿರುತ್ತಾರೆ.

ಚಾಕು ಬಿದ್ದ ಮೇಲಂತೂ ಸಲಹೆಗಾರರ ಸುಗ್ಗಿ. ಒಬ್ಬ ನೀರು ಕುಡಿಸುತ್ತಾನೆ, ಇನ್ನೊಬ್ಬ ಚುಚ್ಚಿಕೊಂಡ ಚಾಕುವನ್ನು ಕೀಳಲು ಕೈ ಹಾಕುತ್ತಾನೆ. ಕಿತ್ತರೆ ಒಳಗೆ ತಡೆದಿದ್ದ ರಕ್ತ ಧಾರೆಯಾಗಿ ಹರಿಯುತ್ತದೆ. ಚಾಕು ಅಲುಗದಂತೆ ಸುತ್ತ ಬಟ್ಟೆ ಒತ್ತಿಟ್ಟು ಸಾಗಿಸಬೇಕು. ಬರೀ ಗಾಯವಿದ್ದರೆ ಅಂಗೈಯಿಂದ ಬಲವಾಗಿ ಒತ್ತಬೇಕು; 'ನಿಂತೈತೇನ ನೋಡೂಣು' ಎಂದು ಎತ್ತೆತ್ತಿ ನೋಡಬಾರದು. ಬಟ್ಟೆ ತೊಯ್ದರೆ ಅದರ ಮೇಲೆ ಇನ್ನೊಂದು.

ಇಲ್ಲೊಂದು ಸೂಕ್ಷ್ಮವಿದೆ. ಅದೇ ಪೇದೆಗೆ ಕಬ್ಬಿನ ಟ್ರ್ಯಾಕ್ಟರ್ ಗುದ್ದಿದ್ದರೆ, ಆಸ್ಪತ್ರೆಗೆ ಒಯ್ದವರ ಮೇಲೆ ಕೇಸು ಬೀಳದಂತೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆಯಿದೆ. ಮೊದಲ ಒಂದು ತಾಸಿನೊಳಗೆ ಮುಟ್ಟಿಸಿ ಜೀವ ಉಳಿಸಿದರೆ ಕೇಂದ್ರದಿಂದ 25,000 ರೂಪಾಯಿ ಬಹುಮಾನವೂ ಸಿಗಬಹುದು. ಚಾಕುವಿಗೆ ಚಕ್ರವಿಲ್ಲ, ಆದ್ದರಿಂದ ಈ ಸೌಲಭ್ಯವಿಲ್ಲ. ಮುಂಜಾಗ್ರತೆಯುಳ್ಳ ಪೊಲೀಸರು ಅಪಾಯಕ್ಕೆ ಸಿಲುಕುವುದೇ ಆದರೆ ರಸ್ತೆ ಮಧ್ಯದಲ್ಲೇ, ಕಬ್ಬಿನ ಹಂಗಾಮಿನಲ್ಲೇ ಸಿಲುಕುವುದು ಮೇಲು.

ಇಷ್ಟಾಗಿಯೂ ಯಾರೋ ಒಬ್ಬ ಒತ್ತಿ ಹಿಡಿದು ಜೀವ ಉಳಿಸಿದ ಎನ್ನಿ. ಬಂದ ಪೊಲೀಸರು ಅವನ ಅಂಗಿಯ ರಕ್ತ ನೋಡಿ ಕೇಳುವ ಮೊದಲ ಪ್ರಶ್ನೆ: "ಯಾರಲೇ ನೀ?" ಅಂಗಿ ಪಂಚನಾಮೆಗೆ, ಅವನು ಠಾಣೆಗೆ. ಆದರೆ 60 ದಾಟಿದ ಸಾಕ್ಷಿಯನ್ನು ಹೇಳಿಕೆಗಾಗಿ ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಅವರ ಮನೆಗೆ ಹೋಗಬೇಕು, ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮು. ಹೀಗಾಗಿ ಮುಂದಿನ ಸಲ ಗುಂಪಿನಲ್ಲಿ ಹುಡುಗರು ತುಸು ಹಿಂದೆ ಸರಿದು, ಕಟ್ಟೆಯ ಮೇಲಿನ ಅಜ್ಜಂದಿರಿಗೆ ದಾರಿ ಬಿಡಬೇಕಾಗಿ ವಿನಂತಿ.