ಸೇರಿಸುವ ಮೊದಲು ಎರಡೂ ಪುಟ ಓದಿ

ಕನ್ನಡ ವಿಕಿಪೀಡಿಯದಲ್ಲಿ ಹೆಚ್ಚುಕಮ್ಮಿ ಒಂದೇ ಥರದ ಎರಡು ಪುಟ ಕಣ್ಣಿಗೆ ಬಿದ್ದರೆ ಕೆಲವರಿಗೆ ತಡೆಯುವುದೇ ಇಲ್ಲ, ಕೂಡಲೇ ವಿಲೀನ ಮಾಡಬೇಕು. ಇನ್ನು ಕೆಲವರು ಪುಟಗಳ ಲೆಕ್ಕ ಕಡಿಮೆಯಾಗುತ್ತದೆ ಅಂತ ಮುಟ್ಟುವುದೇ ಇಲ್ಲ. ಮುಂಬೈಯಲ್ಲಿ ವಿಕಿಗೆ ಬರೆಯುವ ನಮ್ಮ ಸಣ್ಣ ಬಳಗದಲ್ಲಿ ಎರಡೂ ಥರದವರಿದ್ದಾರೆ. ಮೊನ್ನೆ ಮಾಟುಂಗಾದಲ್ಲಿ ಕಾಫಿ ಕುಡಿಯುತ್ತಾ ಇದೇ ವಿಷಯಕ್ಕೆ ಜೋರು ಮಾತಾಯಿತು. ಅಲ್ಲಿ ಪೂರ್ತಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಪುಟಗಳೂ ಒಂದೇ ವಸ್ತುವಿನ ಬಗ್ಗೆ ಇದ್ದರೆ ಸೇರಿಸಲೇಬೇಕು. ಹತ್ತಿರದ ಎರಡು ವಸ್ತುಗಳ ಬಗ್ಗೆ ಇದ್ದರೆ, ಎಷ್ಟೇ ಸಾಲು ಒಂದೇ ಥರ ಕಂಡರೂ ಸೇರಿಸಬಾರದು. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ.

ಮೊದಲನೆಯದು ಸುಲಭ. ನಮ್ಮ ವಿಟಿ ಸ್ಟೇಷನ್ನನ್ನೇ ನೋಡಿ. 1887ರಲ್ಲಿ ವಿಕ್ಟೋರಿಯಾ ಟರ್ಮಿನಸ್, 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್, 2017ರಲ್ಲಿ ನಡುವೆ ಮಹಾರಾಜ್ ಸೇರಿಕೊಂಡಿತು. ಹೆಸರು ಎಷ್ಟಾದರೂ ಕಟ್ಟಡ ಅದೇ. ಒಂದು ಪುಟ ಸಾಕು, ಉಳಿದ ಹೆಸರುಗಳಿಂದ ಅದಕ್ಕೆ ಪುನರ್ನಿರ್ದೇಶನ ಕೊಟ್ಟರೆ ಆಯಿತು, ಆ ಹೆಸರಲ್ಲಿ ಹುಡುಕಿದವರೂ ತಾವಾಗಿ ಅದೇ ಪುಟಕ್ಕೆ ಬರುತ್ತಾರೆ. ಕನ್ನಡದಲ್ಲಿ ಇದರ ಜೊತೆ ಕಾಗುಣಿತದ ತೊಂದರೆಯೂ ಇದೆ. ಒಬ್ಬರು ಮುಂಬೈ ಅಂತ ಬರೆದರೆ ಇನ್ನೊಬ್ಬರು ಮುಂಬಯಿ. ಟೈಪ್ ಮಾಡುವಾಗ ಒತ್ತಕ್ಷರ ಬಿಡಿಸಲು ಹಾಕುವ, ಕಣ್ಣಿಗೆ ಕಾಣದ ಆ ಒಂದು ಚಿಹ್ನೆ ಇದ್ದರೆ ಒಂದು ಶೀರ್ಷಿಕೆ, ಇಲ್ಲದಿದ್ದರೆ ಬೇರೆ ಶೀರ್ಷಿಕೆ. ಹುಡುಕಿದವರಿಗೆ ಹಳೆಯ ಪುಟ ಸಿಗುವುದಿಲ್ಲ, ಪಾಪ, ಹೊಸದಾಗಿ ಬರೆದುಬಿಡುತ್ತಾರೆ. ಇಂಥವನ್ನು ಹಾಗೇ ಬಿಟ್ಟರೆ ಓದುಗರಿಗೇ ನಷ್ಟ. ಬೇರೆ ಬೇರೆ ಭಾಷೆಯ ವಿಕಿಪೀಡಿಯ ಪುಟಗಳನ್ನು ಒಂದಕ್ಕೊಂದು ಜೋಡಿಸುವ ವಿಕಿಡೇಟಾದಲ್ಲಿ ಒಂದು ವಿಷಯಕ್ಕೆ ಒಂದು ಭಾಷೆಯಿಂದ ಒಂದೇ ಪುಟ ಜೋಡಿಸಲು ಸಾಧ್ಯ. ಮರಾಠಿ ಪುಟದಿಂದ ಕನ್ನಡಕ್ಕೆ ದಾಟಿದವರಿಗೆ ಅದೊಂದೇ ಕಾಣುತ್ತದೆ. ಇನ್ನೊಂದರಲ್ಲಿ ಎಷ್ಟೇ ಒಳ್ಳೆಯ ಮಾಹಿತಿ ಇದ್ದರೂ ಅದು ಮೂಲೆಗೆ ಬಿದ್ದಂತೆ.

ಕಷ್ಟ ಬರುವುದು ಎರಡನೆಯದರಲ್ಲಿ. ಅವತ್ತು ನಮ್ಮ ಜಗಳ ಎಲಿಫೆಂಟಾ ಬಗ್ಗೆ, ಅಂದರೆ ಮುಂಬೈ ಹತ್ತಿರದ ಘಾರಾಪುರಿ ದ್ವೀಪದಲ್ಲಿರುವ ಗುಹೆಗಳ ಬಗ್ಗೆ. "ಗುಹೆಗಳಿಗೆ ಒಂದು ಪುಟ, ಘಾರಾಪುರಿ ದ್ವೀಪಕ್ಕೆ ಇನ್ನೊಂದು ಯಾಕೆ? ಅಲ್ಲಿ ನೋಡುವುದಕ್ಕೆ ಬೇರೆ ಏನಿದೆ?" ಅಂತ ಒಬ್ಬರು ಕೇಳಿದರು. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ ಹತ್ತಿ, ಒಂದು ಗಂಟೆ ಕೂತು, ಮೆಟ್ಟಿಲು ಹತ್ತಿ, ಗುಹೆ ನೋಡಿ ವಾಪಸ್ ಬರುವವರಿಗೆ ಹಾಗೇ ಅನಿಸುತ್ತದೆ. ಆದರೆ ಆ ದ್ವೀಪದಲ್ಲಿ ಜನ ಇದ್ದಾರೆ. ಶೇತ್‌ಬಂದರ್, ಮೋರಾಬಂದರ್, ರಾಜ್‌ಬಂದರ್ ಅಂತ ಮೂರು ಹಳ್ಳಿಗಳಿವೆ. ಸಮುದ್ರದ ಅಡಿಯಲ್ಲಿ ಕೇಬಲ್ ಎಳೆದು ಅವರ ಮನೆಗಳಿಗೆ ಗ್ರಿಡ್ ಕರೆಂಟ್ ಕೊಟ್ಟದ್ದು 2018ರಲ್ಲಿ. ಎದುರಿಗೇ ಇಡೀ ಮುಂಬೈ ಝಗಮಗ ಅನ್ನುತ್ತಿದ್ದರೂ ಅವರು ಅಷ್ಟು ವರ್ಷ ಕಾದರು. ಗುಹೆಗಳ ಪುಟದಲ್ಲಿ ಈ ಮಾತಿಗೆ ಜಾಗ ಎಲ್ಲಿದೆ? ಅಲ್ಲಿ ಮೂರು ಮುಖದ ಸದಾಶಿವ, ಅರ್ಧನಾರೀಶ್ವರ, 1987ರ ಯುನೆಸ್ಕೊ ಪಟ್ಟಿ ಇವೆಲ್ಲ ಬರಬೇಕು. ಎರಡನ್ನೂ ಸೇರಿಸಿದರೆ ದ್ವೀಪದ ಜನ ಕೊನೆಯ ಪ್ಯಾರಾ ಆಗುತ್ತಾರೆ. ಮುಂದಿನ ಸಲ ಯಾರೋ ಪುಟ ಚೊಕ್ಕ ಮಾಡಲು ಕೂತಾಗ ಆ ಪ್ಯಾರಾವೂ ಹೋಗುತ್ತದೆ.

ಪೋರ್ಚುಗೀಸರು ಅಲ್ಲಿ ಕಲ್ಲಿನ ಆನೆ ಕಂಡು ಎಲಿಫೆಂಟಾ ಅಂದರು, ಆ ಆನೆ ಈಗ ಮುಂಬೈಯ ಬೈಕುಲ್ಲಾದಲ್ಲಿದೆ. ಇದು ಎರಡೂ ಪುಟಗಳಲ್ಲಿ ಬಂದರೆ ಬರಲಿ ಬಿಡಿ. ಒಂದರಲ್ಲಿ ವಿವರವಾಗಿ, ಇನ್ನೊಂದರಲ್ಲಿ ಒಂದು ಸಾಲು, ಜೊತೆಗೆ ಕೊಂಡಿ. ಅಷ್ಟಕ್ಕೆ ವಿಲೀನ ಬೇಕಿಲ್ಲ.

ಪುಟ ಚಿಕ್ಕದು ಅನ್ನುವುದೂ ನನಗೆ ಕಾರಣವಲ್ಲ. ಇವತ್ತು ನಾಲ್ಕು ಸಾಲಿದ್ದರೆ, ಅದು ಬೆಳೆಯುವ ವಿಷಯವೋ ಅಲ್ವೋ ಅಂತ ನೋಡಬೇಕು.

ಸೇರಿಸಬೇಕು ಅಂತ ತೀರ್ಮಾನವಾದ ಮೇಲೂ ಕೆಲಸ ಮುಗಿಯುವುದಿಲ್ಲ. ಎರಡು ಪುಟಗಳ ಮಾತು ಹೊಂದದೇ ಇರಬಹುದು. ಗುಹೆಗಳ ಬಗ್ಗೆಯೇ ಎರಡು ಪುಟ ಇದ್ದು, ಒಂದರಲ್ಲಿ ರಾಷ್ಟ್ರಕೂಟರು ಕೊರೆಸಿದ್ದು ಅಂತ, ಇನ್ನೊಂದರಲ್ಲಿ ಕಲಚೂರಿಗಳ ಕಾಲ ಅಂತ ಇದ್ದರೆ ಏನು ಮಾಡುತ್ತೀರಿ? ಕನ್ನಡದವರಾದ ನಮಗೆ ರಾಷ್ಟ್ರಕೂಟರ ಹೆಸರು ಉಳಿಸಬೇಕು ಅನಿಸುವುದು ಸಹಜ. ಆದರೆ ಈಗ ಹೆಚ್ಚಿನ ವಿದ್ವಾಂಸರು ಹೇಳುವುದು 6ನೇ ಶತಮಾನ, ಕಲಚೂರಿಗಳು ಅಂತ. ಆಧಾರ ಇರುವುದನ್ನು ಮುಂದೆ ಇಡಬೇಕು, ಬೇರೆ ಅಭಿಪ್ರಾಯವಿದೆ ಅನ್ನುವುದನ್ನೂ ಬರೆಯಬೇಕು. ಸುಮ್ನೆ ಉದ್ದ ಇರುವ ಪುಟ ಇಟ್ಟುಕೊಂಡು ಇನ್ನೊಂದನ್ನು ಅಳಿಸಿದರೆ ಅದು ವಿಲೀನ ಆಗುವುದಿಲ್ಲ.

ಅಳಿಸುವುದರ ವಿಷಯದಲ್ಲಿ ನನಗೆ ತುಂಬಾ ಬೇಸರವಿದೆ. ಡೊಂಬಿವಲಿಯಲ್ಲಿರುವ ನಿವೃತ್ತ ಟೀಚರ್ ಒಬ್ಬರು ಬಾಣಗಂಗಾ ಕೆರೆಯ ಬಗ್ಗೆ ಬರೆದಿದ್ದರು. ಕೆರೆ ಇರುವ ಮುಂಬೈಯ ವಾಲಕೇಶ್ವರಕ್ಕೆ ಹೋಗಿ, ಕೆರೆಯ ಹತ್ತಿರದ ಕಾಶಿ ಮಠದವರನ್ನು ಮಾತಾಡಿಸಿ, ಪುಸ್ತಕ ಹುಡುಕಿ ಬರೆದದ್ದು. ಅದೇ ಕೆರೆಗೆ ಬೇರೆ ಹೆಸರಿನ ಪುಟ ಮೊದಲೇ ಇತ್ತು, ಎರಡನ್ನೂ ಸೇರಿಸಿದರು. "ನಾನು ಬರೆದದ್ದು ಎಲ್ಲಿ ಹೋಯ್ತು ಮಾರಾಯಾ?" ಅಂತ ನನಗೆ ಫೋನ್ ಮಾಡಿದರು. ಪುಣ್ಯಕ್ಕೆ ಸೇರಿಸಿದವರು ಕೆಲಸ ಗೊತ್ತಿದ್ದವರು. ಟೀಚರ್ ಬರೆದ ಪುಟವನ್ನು ಅಳಿಸದೆ ಪುನರ್ನಿರ್ದೇಶನ ಮಾಡಿದ್ದರು, ಯಾವ ಪುಟದಿಂದ ತಂದದ್ದು ಅಂತ ಸಂಪಾದನೆಯ ಸಾರಾಂಶದಲ್ಲಿ, ಅಂದರೆ ಬದಲಾವಣೆ ಉಳಿಸುವಾಗ ಹಾಕುವ ಸಣ್ಣ ಟಿಪ್ಪಣಿಯಲ್ಲಿ, ಬರೆದಿದ್ದರು. ಯಾರು ಯಾವಾಗ ಏನು ಬರೆದರು ಅಂತ ತೋರಿಸುವ ಪುಟದ ಇತಿಹಾಸ ತೆರೆದು ತೋರಿಸಿದೆ, ಅವರ ಹೆಸರು ಅಲ್ಲೇ ಇತ್ತು. ಬರೆದವರಿಗೆ ಹೆಸರು ಸಲ್ಲಬೇಕು ಅನ್ನುವುದು ವಿಕಿಪೀಡಿಯದ ಪರವಾನಗಿಯ ಷರತ್ತು. ಯಾರೋ ದಯೆ ತೋರಿಸಿ ಕೊಡುವುದಲ್ಲ ಅದು. ಕಾಸಿಲ್ಲದೆ ಬರೆಯುವವರಿಗೆ ಸಿಗುವುದು ಅದೊಂದೇ, ಅದನ್ನೂ ಕಿತ್ತುಕೊಂಡರೆ ಮತ್ತೆ ಯಾರು ಬರೆಯುತ್ತಾರೆ ಹೇಳಿ?

ಹಾಗಾಗಿ ಗೆಳೆಯರಲ್ಲಿ ನನ್ನ ಕೋರಿಕೆ. ಸ್ವಲ್ಪವಾದರೂ ಅನುಮಾನ ಇದ್ದರೆ ಎರಡೂ ಪುಟಗಳಿಗೆ ವಿಲೀನದ ಫಲಕ ಹಾಕಿ, ಚರ್ಚೆ ಪುಟದಲ್ಲಿ ಕಾರಣ ಬರೆಯಿರಿ, ಆ ಪುಟಗಳನ್ನು ಬರೆದವರಿಗೆ ಒಂದು ಮಾತು ತಿಳಿಸಿ. ಕನ್ನಡದಲ್ಲಿ ಸಕ್ರಿಯವಾಗಿ ಬರೆಯುವವರು ಕಡಿಮೆ, ಉತ್ತರ ಬರದೇ ಇರಬಹುದು. ಎಲ್ಲರೂ ಸೇರಿ ಚರ್ಚಿಸುವ ಕನ್ನಡ ವಿಕಿಪೀಡಿಯದ ಪುಟ ಅರಳಿಕಟ್ಟೆಯಲ್ಲೂ ಕೇಳಿ. ಒಂದು ವಾರ ಕಾದರೂ ಯಾರೂ ಬೇಡ ಅನ್ನದಿದ್ದರೆ ಧೈರ್ಯವಾಗಿ ಸೇರಿಸಿ. ಎಲಿಫೆಂಟಾ ವಿಷಯದಲ್ಲಿ ಮಾತ್ರ ನನ್ನ ಉತ್ತರ ಈಗಲೇ ಹೇಳಿಬಿಡುತ್ತೇನೆ: ಬೇಡ.