ಮೇಲೆ ಪೈಥಾನ್, ಕೆಳಗೆ ಆಷಾಢದ ಸೇಲ್

ಬಳ್ಳಾರಿಯಲ್ಲಿ ಯಾವ ಸಮ್ಮೇಳನ ಮಾಡಬೇಕಾದರೂ ಮೊದಲು ಪಂಚಾಂಗ ನೋಡಬೇಕು. ಶುಭ ಅಶುಭಕ್ಕಲ್ಲ, ಬಾಡಿಗೆಗೆ. ಲಗ್ನದ ಸೀಸನ್‌ನಲ್ಲಿ ಕಲ್ಯಾಣ ಮಂಟಪದ ಮ್ಯಾನೇಜರು ನಮ್ಮಂಥವರ ಫೋನ್ ಎತ್ತುವುದೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಒಂದು ದಿನ ಖಾಲಿ ಸಿಕ್ಕರೂ ನಮ್ಮೂರಿನ ಬಿಸಿಲಿಗೆ ಮೊದಲು ಪ್ರೊಜೆಕ್ಟರ್ ಸುಸ್ತಾಗುತ್ತದೆ, ಆಮೇಲೆ ಮಾತಾಡುವವರು. ಉಳಿದದ್ದು ಆಷಾಢ. ಮದುವೆ ಇಲ್ಲ, ಮುಂಜಿ ಇಲ್ಲ, ಬಾಡಿಗೆ ಅರ್ಧಕ್ಕರ್ಧ ಕಡಿಮೆ. ಕಂಪ್ಯೂಟರಿಗೆ ಯಾವ ಮಾಸವಾದರೇನು ಎಂದು ನಾವು ನಾಲ್ಕೈದು ಗೆಳೆಯರು ಆಷಾಢದ ಒಂದು ಭಾನುವಾರವನ್ನೇ ಗೊತ್ತು ಮಾಡಿದೆವು. ನಮ್ಮಮ್ಮ ಮಾತ್ರ, "ಮೊದಲ್ನೇ ಸಲ ಮಾಡಾಕತ್ತೀರಿ, ಆಷಾಢದಾಗ ಯಾರಾದ್ರೂ ಶುರು ಮಾಡ್ತಾರೇನೋ" ಎಂದು ಗೊಣಗಿದರು.

ಪೈಥಾನ್ ಎನ್ನುವುದು ಪ್ರೋಗ್ರಾಮ್ ಬರೆಯುವ ಭಾಷೆ. ಅದನ್ನು ಬಳಸುವವರು ಊರೂರಲ್ಲಿ ತಾವೇ ಸೇರಿ ಸಮ್ಮೇಳನ ಮಾಡಿಕೊಳ್ಳುತ್ತಾರೆ. ಪೈಕಾನ್ ಎಂದು ಕರೆಯುವ ಇಂಥ ಸಮ್ಮೇಳನ ಭಾರತದ ಮಟ್ಟದಲ್ಲಿ ಮೊದಲು ನಡೆದದ್ದು 2009ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇಂಥ ಕಡೆ ನಡೆಸುವವರಿಗೆ ಸಂಬಳ ಇರುವುದಿಲ್ಲ. ಮಾತಾಡುವವರೂ ಸಾಮಾನ್ಯವಾಗಿ ದುಡ್ಡು ತೆಗೆದುಕೊಳ್ಳುವುದಿಲ್ಲ. ನಮ್ಮದು ಇನ್ನೂ ಒಂದು ಕೈ ಮುಂದೆ: ಟಿಕೆಟ್ಟೇ ಇಲ್ಲ. ಇದನ್ನು ಊರಲ್ಲಿ ಯಾರಿಗೆ ಹೇಳಿದರೂ ಮುಖ ಒಂಥರಾ ಆಗುತ್ತಿತ್ತು. ನಮ್ಮ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು, "ಖರೇ ಹೇಳು, ಚೈನ್ ಸ್ಕೀಮೇನು?" ಎಂದು ಕೇಳಿದರು. ಅಲ್ಲ ಎಂದೆ. ಸ್ವಲ್ಪ ಯೋಚಿಸಿ, "ಹಂಗಾದ್ರ ಕಾರ್ಪೊರೇಷನ್ ಎಲೆಕ್ಷನ್‌ಗೆ ನಿಲ್ತೀಯೇನು?" ಎಂದರು.

ಊಟ, ತಿಂಡಿ, ಮೈಕಿಗೆ ದುಡ್ಡು ಬೇಕಲ್ಲ. ಕಬ್ಬಿಣದ ವ್ಯಾಪಾರ ಮಾಡುವ ಒಬ್ಬ ಸಾಹುಕಾರರ ಹತ್ತಿರ ಪ್ರಾಯೋಜಕತ್ವ ಕೇಳಲು ಹೋದೆವು. ಗಲ್ಲಾದ ಹಿಂದೆ ಕೂತು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ಶುರುವಾಯಿತು ವಿಚಾರಣೆ.

"ಇದರ ಮಾಲೀಕ್ರು ಯಾರು?"

"ಮಾಲೀಕರು ಅಂತ ಇಲ್ಲ ಸಾರ್. ಶುರು ಮಾಡಿದವರು ಗಿಡೊ ವಾನ್ ರಾಸಮ್ ಅಂತ, ನೆದರ್ಲೆಂಡ್ಸಿನವರು. 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಹೋಗಲಿ ಅಂತ ಬರೆಯೋಕೆ ಕೂತರು. 1991ರಲ್ಲಿ ಹೊರಗೆ ಬಿಟ್ಟರು."

"ಅವರಿಗೆ ಎಷ್ಟು ಹೋಗತೈತಿ?"

"ಏನೂ ಹೋಗಲ್ಲ ಸಾರ್. ಅದು ಪುಕ್ಕಟೆ."

"ಈಗ ನೋಡ್ಕೊಳ್ಳೋರು ಯಾರು?"

"2018ರಲ್ಲಿ ಅವರು ಹಿಂದೆ ಸರಿದರು. ಈಗ ಐದು ಜನರ ಕಮಿಟಿ ಇದೆ. ಓಟು ಹಾಕಿ ಆರಿಸ್ತಾರೆ."

"ಪಂಚಾಯ್ತಿ ಅನ್ರಿ."

ಈ ಒಂದು ಮಾತಿಗೆ ಅವರ ಮುಖ ಅರಳಿತು. ಪಂಚಾಯಿತಿ ಎಂದ ಮೇಲೆ ಅದರಲ್ಲಿ ಏನೋ ಇದ್ದೇ ಇರುತ್ತದೆ ಎಂದು ಅವರಿಗೆ ಖಾತ್ರಿಯಾಯಿತು ಅನಿಸುತ್ತದೆ. ತಿಂಡಿಯ ಖರ್ಚು ತಾವೇ ಕೊಡುವುದಾಗಿ ಹೇಳಿ, ನೀರಿನ ಬಾಟಲಿ ಮೇಲೆ ಅಂಗಡಿಯ ಹೆಸರು ಬರಬೇಕು ಎಂದರು.

ಹಾವಿನ ಜೋಕು ಎಲ್ಲಿ ಎಂದು ನೀವು ಕಾಯುತ್ತಿರಬಹುದು. ಅದೂ ಆಯಿತು. ಪೈಥಾನ್ ಎಂಬ ಹೆಸರು ಬಂದದ್ದು ಬ್ರಿಟನ್ನಿನ ಒಂದು ಹಾಸ್ಯ ಟಿವಿ ಕಾರ್ಯಕ್ರಮದಿಂದ, ಹೆಬ್ಬಾವಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಎಷ್ಟು ಹೇಳಿದರೂ ಅವನು ಹೆಡೆ ಬಿಚ್ಚಿದ ನಾಗರಹಾವನ್ನೇ ಹಾಕಿದ. ಬ್ಯಾನರ್ ಕಟ್ಟಿದ ಮೇಲೆ ಯಾರೋ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹೋಗಿದ್ದರು. ಮುಂದಕ್ಕೆ ಹೋಗೋಣ.

ಸಮ್ಮೇಳನದ ಹಿಂದಿನ ರಾತ್ರಿ ಕುರ್ಚಿ ಹಾಕಿಸಲು ಮಂಟಪಕ್ಕೆ ಹೋದರೆ ಕೆಳಗಿನ ಊಟದ ಹಾಲ್‌ನಲ್ಲಿ ಸೀರೆಯ ಗಂಟುಗಳು ಇಳಿಯುತ್ತಿದ್ದವು. ಮ್ಯಾನೇಜರು ಅದನ್ನು ಆಷಾಢದ ರಿಯಾಯಿತಿ ಮಾರಾಟಕ್ಕೆ ಬೇರೆ ಬಾಡಿಗೆಗೆ ಕೊಟ್ಟಿದ್ದರು. "ನೀವು ಕೇಳಿದ್ದು ಹಾಲ್, ಮೇಲಿಂದು ಹಾಲೇ ಐತಲ್ಲ ಸಾರ್?" ಎಂದು ನಮ್ಮನ್ನೇ ಕೇಳಿದರು. ಬೆಳಿಗ್ಗೆ ಗೇಟಿಗೆ ಎರಡು ಬ್ಯಾನರ್‌ಗಳು ಅಕ್ಕಪಕ್ಕ. ಒಂದರಲ್ಲಿ "ಒಂದು ಕೊಂಡರೆ ಒಂದು ಫ್ರೀ". ಇನ್ನೊಂದರಲ್ಲಿ, ನಾಗರಹಾವಿನ ಕೆಳಗೆ, "ಎಲ್ಲರಿಗೂ ಪ್ರವೇಶ ಉಚಿತ".

ಊಟದ ಹಾಲ್ ಕೈ ತಪ್ಪಿದ್ದರಿಂದ ತಿಂಡಿ ತಾರಸಿಗೆ ಹೋಯಿತು. ಬಳ್ಳಾರಿಯವರಿಗೆ ಬೆಳಗ್ಗೆ ಒಗ್ಗರಣಿ ಮಿರ್ಚಿ ಇದ್ದರೆ ಬೇರೇನೂ ಬೇಡ. ನೆನೆಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಬಿಸಿ ಮಿರ್ಚಿ. ಪುಣ್ಯಕ್ಕೆ ಒದ್ದೆ ಮಂಡಕ್ಕಿ ಪ್ಲೇಟಿನಲ್ಲಿ ನಿಂತಿತು. ಆದರೆ ಆಷಾಢದ ಗಾಳಿ ಅಂದರೆ ಸುಮ್ನೆ ಅಲ್ಲ. ಪುಟಾಣಿ ಹಿಟ್ಟಿನ ಡಬ್ಬಿ ತೆರೆದ ಕೂಡಲೇ ಒಂದು ಬೀಸು ಬೀಸಿತು ನೋಡಿ, ಸರತಿಯಲ್ಲಿ ಮುಂದಿದ್ದ ಅಷ್ಟೂ ಜನರ ಕನ್ನಡಕ ಹಳದಿ. ಶಾಮಿಯಾನದ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು. ಖಾಲಿ ಪ್ಲೇಟುಗಳು ಹಾರಿ ಪಕ್ಕದ ಮನೆಯ ಸಂಡಿಗೆ ಮೇಲೆ ಬಿದ್ದವು. ಆ ಮನೆಯ ಅಜ್ಜಿ ಕೂಗಿ ಕೂಗಿ ಬೈದದ್ದು ನಮ್ಮ ಉದ್ಘಾಟನಾ ಭಾಷಣದ ರೆಕಾರ್ಡಿಂಗ್‌ನಲ್ಲಿ ಈಗಲೂ ಸ್ಪಷ್ಟವಾಗಿ ಕೇಳುತ್ತದೆ. ಭಾಷಣ ಮಾತ್ರ ಕೇಳುವುದಿಲ್ಲ.

ಹೆಸರು ಕೊಟ್ಟವರು ಇನ್ನೂರರ ಮೇಲೆ. ಅಡುಗೆಯವರು ಮೊದಲೇ, "ಫ್ರೀ ಅಂದ್ರ ಮೂರರಾಗ ಒಂದು ಪಾಲು ಬರ್ತಾರ. ನಾನು ನೂರು ಜನಕ್ಕ ಮಾಡ್ತೀನಿ" ಎಂದಿದ್ದರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದ ನಮ್ಮ ಗೆಳೆಯ ಅದಕ್ಕೆ ಒಪ್ಪದೆ ವಾದ ಮಾಡಿದ್ದ. ಬಂದವರು ಎಪ್ಪತ್ತು ಚಿಲ್ಲರೆ. ಅಡುಗೆಯವರು ಏನೂ ಅನ್ನಲಿಲ್ಲ, ಬರೀ ಸೌಟಿನಿಂದ ಖಾಲಿ ಕುರ್ಚಿಗಳ ಕಡೆ ತೋರಿಸಿದರು.

ಮುಖ್ಯ ಭಾಷಣ ಮಾಡಬೇಕಾದವರು ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬರುತ್ತಿದ್ದರು. ಬಳ್ಳಾರಿ ಬಂದಾಗ ಅವರಿಗೆ ಒಳ್ಳೆಯ ನಿದ್ದೆ. ಎಚ್ಚರವಾದದ್ದು ಹೊಸಪೇಟೆಯಲ್ಲಿ. "ಹೇಗೂ ಇಲ್ಲಿಗೆ ಬಂದಿದ್ದೇನೆ, ಹಂಪಿ ನೋಡಿಕೊಂಡೇ ಬರಲಾ?" ಎಂದು ವಿರೂಪಾಕ್ಷ ಗೋಪುರದ ಮುಂದೆ ನಿಂತ ಫೋಟೋ ಜೊತೆಗೆ ವಾಟ್ಸ್ಯಾಪ್ ಬಂತು. ಫೋಟೋ ಬಂದ ಮೇಲೆ ಕೇಳುವುದೇನು, ಅಲ್ವಾ?

ಹಾಲ್ ಅರ್ಧ ಖಾಲಿ, ಮಾತಾಡುವವರು ಹಂಪಿಯಲ್ಲಿ. ಆಗ ಬಂದರು ನೋಡಿ ಗಂಡಂದಿರು.

ಕೆಳಗೆ ಸೀರೆ ನೋಡುತ್ತಿದ್ದ ಹೆಂಗಸರ ಜೊತೆ ಬಂದವರು ಅವರು. ಸೇಲಿನ ಹಾಲ್‌ನಲ್ಲಿ ಕೂರಲು ಜಾಗವಿಲ್ಲ, ಫ್ಯಾನ್ ಇಲ್ಲ. ಮೇಲೆ ಮೆತ್ತನೆ ಕುರ್ಚಿ, ಫ್ಯಾನು, ಮೇಲಾಗಿ ಬೋರ್ಡಿನಲ್ಲೇ ಉಚಿತ ಎಂದು ಬರೆದಿದೆ. ಒಬ್ಬೊಬ್ಬರೇ ಕೈಚೀಲ ಹಿಡಿದು ಬಂದು ಹಿಂದಿನ ಸಾಲುಗಳನ್ನು ತುಂಬಿದರು. ನಮ್ಮ ಹುಡುಗಿಯೊಬ್ಬಳು ಅವರಿಗೂ ಕೊರಳಿಗೆ ಬ್ಯಾಡ್ಜ್ ಹಾಕಿ ಮಿರ್ಚಿ ಕೊಟ್ಟು ಕಳಿಸಿದಳು. ಗೋಡೆಗೆ ನಮ್ಮ ನಡವಳಿಕೆಯ ನಿಯಮ ಅಂಟಿಸಿದ್ದೆವು. ಯಾರ ಭಾಷೆ, ಬಟ್ಟೆ, ರೂಪ, ಜಾತಿ ನೋಡಿ ಹಂಗಿಸಬಾರದು ಎಂದು. ಒಬ್ಬ ಹಿರಿಯರು ಅದನ್ನು ಪೂರ್ತಿ ಓದಿ, "ಇದನ್ನ ಲಗ್ನದಾಗೂ ಹಚ್ಚಬೇಕ್ರಿ, ಬೀಗರು ಓದ್ಲಿ" ಎಂದರು.

ಅವರಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು. ಆ ಹೊತ್ತಿಗೆ ವೇದಿಕೆಯಲ್ಲಿ ಪೈಥಾನಿನ ಮೊದಲ ಪಾಠ ನಡೆಯುತ್ತಿತ್ತು. ಒಂದು ಪದ ಎಷ್ಟು ಉದ್ದ ಎಂದು ಕೇಳಲು ಲೆನ್ ಎಂಬ ಅಪ್ಪಣೆ ಇದೆ. ಪಾಠ ಹೇಳುತ್ತಿದ್ದವನು ಹುರುಪಿನಲ್ಲಿ ಊರಿನ ಹೆಸರನ್ನೇ ಕನ್ನಡದಲ್ಲಿ ಟೈಪ್ ಮಾಡಿದ. ಪರದೆಯ ಮೇಲೆ 7 ಎಂದು ಬಂತು. ಮೇಷ್ಟ್ರು ಎದ್ದು ನಿಂತರು.

"ಬ, ಳ್ಳಾ, ರಿ. ಮೂರು. ಏಳು ಎಲ್ಲಿಂದ ಬಂತಪ್ಪಾ?"

ಅವನು ವಿವರಿಸಿದ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗುರುತಿಸುವ ಯುನಿಕೋಡ್‌ ಪದ್ಧತಿಯಲ್ಲಿ ಒತ್ತು, ದೀರ್ಘ, ಗುಡಿಸು ಎಲ್ಲಕ್ಕೂ ಬೇರೆ ಬೇರೆ ಸಂಕೇತ. ಬ ಒಂದು, ಳ ಒಂದು, ನಡುವೆ ಅರ್ಧಾಕ್ಷರದ ಚಿಹ್ನೆ ಒಂದು, ಮತ್ತೆ ಳ, ದೀರ್ಘ, ರ, ಗುಡಿಸು. ಒಟ್ಟು ಏಳು. ಅಷ್ಟರಲ್ಲಿ ಮೂಲೆಯಲ್ಲಿ ಒಬ್ಬ ಹುಡುಗ ಕೈಯೆತ್ತಿ, "ಸಾರ್, ನಂದ್ರಾಗ 21 ತೋರಿಸ್ತೈತಿ" ಎಂದ. ಅವನ ಹಳೇ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಇನ್ನೂ ಪೈಥಾನ್ 2 ಇತ್ತು. 2020ರ ಜನವರಿ 1ಕ್ಕೇ ಅದಕ್ಕೆ ನಿವೃತ್ತಿ ಕೊಟ್ಟಾಗಿದೆ. ಅದು ಅಕ್ಷರ ಬಿಟ್ಟು ಬೈಟ್, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಹಿಡಿಯುವ ಜಾಗ ಎಣಿಸಿತ್ತು. ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟು, ಏಳು ಮೂರಲೆ ಇಪ್ಪತ್ತೊಂದು.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರಿದ್ದದ್ದು ಏಳು, ಏಳಿದ್ದದ್ದು ಇಪ್ಪತ್ತೊಂದು. ಕಂಟ್ರಾಕ್ಟರ್ ಬಿಲ್ ಬರ್ದಂಗಾತು" ಎಂದು ಕೂತರು. ಆ ದಿನ ಬಿದ್ದ ಚಪ್ಪಾಳೆಯಲ್ಲಿ ಅದೇ ದೊಡ್ಡದು.

ನಾನು ಎದುರು ನೋಡುತ್ತಿದ್ದದ್ದು ಮಧ್ಯಾಹ್ನದ ಒಂದು ಮಾತಿಗೆ. ಅರ್ಜಿ ಹಾಕಿದವರಲ್ಲಿ ಮುಕ್ಕಾಲು ಪಾಲು ಜನ ಎಐ ಬಗ್ಗೆ ಮಾತಾಡುತ್ತೇವೆ ಎಂದಿದ್ದರು. ಒಬ್ಬ ಡಿಪ್ಲೊಮಾ ಹುಡುಗ ಮಾತ್ರ "ಶನಿವಾರದ ಬಟವಾಡೆ" ಎಂದು ಬರೆದಿದ್ದ. ಅವನ ಅಪ್ಪನದು ಜೀನ್ಸ್ ಹೊಲಿಯುವ ಯೂನಿಟ್. ಬಳ್ಳಾರಿ ಜೀನ್ಸ್ ಎಂದರೆ ಗೊತ್ತಲ್ಲ, ನೀವು ಹಾಕಿಕೊಂಡದ್ದೂ ಇಲ್ಲಿಯದೇ ಇದ್ದೀತು. ಅಲ್ಲಿ ಒಂದು ಪ್ಯಾಂಟನ್ನು ಒಬ್ಬರೇ ಹೊಲಿಯುವುದಿಲ್ಲ. ಜೇಬು ಒಬ್ಬರು, ಜಿಪ್ ಒಬ್ಬರು, ಸೊಂಟದ ಪಟ್ಟಿ ಇನ್ನೊಬ್ಬರು. ಒಂದೊಂದಕ್ಕೂ ಪೀಸಿನ ಲೆಕ್ಕ. ಶನಿವಾರ ಸಂಜೆ ಚೀಟಿಗಳನ್ನೆಲ್ಲ ಹರವಿಕೊಂಡು ಲೆಕ್ಕ ಹಾಕುವಾಗ ಜಗಳ ಗ್ಯಾರಂಟಿ. ಈ ಹುಡುಗ ನೂರು ಸಾಲೂ ಇಲ್ಲದ ಪೈಥಾನ್ ಪ್ರೋಗ್ರಾಮ್ ಬರೆದು ಆ ಲೆಕ್ಕ ಮಾಡಿಸಿದ್ದ. ಮೊದಲ ವಾರವೇ ದೊಡ್ಡ ಗಲಾಟೆ. ಯೂನಿಟ್‌ನಲ್ಲಿ ಒಂದೇ ಹೆಸರಿನ ಇಬ್ಬರಿದ್ದರು. ಪೈಥಾನಿನಲ್ಲಿ ಲೆಕ್ಕ ಬರೆದಿಡುವ ಪಟ್ಟಿಗೆ ಡಿಕ್ಷನರಿ ಎನ್ನುತ್ತಾರೆ; ಅದರಲ್ಲಿ ಒಂದು ಹೆಸರಿಗೆ ಒಂದೇ ಖಾತೆ, ಹಾಗಾಗಿ ಇಬ್ಬರ ದುಡಿಮೆಯೂ ಒಬ್ಬನ ಲೆಕ್ಕಕ್ಕೆ ಹೋಯಿತು. ದುಡ್ಡು ಸಿಗದವನು ಅಪ್ಪನ ಕೊರಳಪಟ್ಟಿ ಹಿಡಿದ. ಡಬಲ್ ಸಿಕ್ಕವನು, "ಕಂಪ್ಯೂಟರ್ ಸುಳ್ಳು ಹೇಳಲ್ಲಣ್ಣ" ಎಂದು ಬುದ್ಧಿ ಹೇಳುತ್ತಿದ್ದನಂತೆ.

ಇಷ್ಟು ಹೇಳುವಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಇತ್ತು, ಆದರೆ ಅದರ ಸ್ವಿಚ್ಚನ್ನು ಸೇಲಿನವರು ಕೆಳಗಿನ ಹಾಲಿಗೆ ತಿರುಗಿಸಿಕೊಂಡಿದ್ದರು. ಪರದೆ ಕಪ್ಪಾಯಿತು, ಮೈಕ್ ನಿಂತಿತು. ಹುಡುಗ ಒಂದು ನಿಮಿಷ ತಲೆ ಕೆರೆದುಕೊಂಡು ದಡದಡ ಮೆಟ್ಟಿಲಿಳಿದು ಹೋದ. ಗಾಬರಿಯಾಗಿ ಓಡಿಹೋದ ಎಂದೇ ನಾವು ತಿಳಿದೆವು. ನೋಡಿದರೆ ಸೇಲಿನ ಮಳಿಗೆಯಿಂದ ಒಂದು ಜೀನ್ಸ್ ಪ್ಯಾಂಟು ಎತ್ತಿಕೊಂಡು ಬಂದ. ಅದನ್ನು ಒಳಗು ಹೊರಗು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಹೊಲಿಗೆಯ ಮೇಲೆ ಬೆರಳಾಡಿಸಿದ. ಈ ಜೇಬಿನ ಚೀಲ ಒಬ್ಬರದು, ಇದರ ಮೇಲಿನ ಹೊಲಿಗೆ ಇನ್ನೊಬ್ಬರದು, ಈ ಲೂಪಿಗೆ ದರ ಬೇರೆ, ಈ ಓವರ್‌ಲಾಕ್‌ಗೆ ಬೇರೆ. ಪ್ರತಿ ಬಂಡಲಿಗೆ ಒಂದು ನಂಬರು, ಪ್ರತಿ ಆಳಿಗೆ ಒಂದು ನಂಬರು, ಹೆಸರು ಬರೀ ಕರೆಯೋದಕ್ಕೆ. ಹಿಂದಿನ ಸಾಲಿನ ಗಂಡಂದಿರೆಲ್ಲ ಎದ್ದು ಮುಂದೆ ಬಂದು ಸುತ್ತ ನಿಂತರು. ಇಬ್ಬರು ತಮ್ಮ ಪ್ಯಾಂಟಿನ ಜೇಬನ್ನೇ ಹೊರಗೆಳೆದು ಹೊಲಿಗೆ ನೋಡಿಕೊಳ್ಳುತ್ತಿದ್ದರು.

ಪ್ಯಾಂಟಿನ ಹಿಂದೆಯೇ ಮಳಿಗೆಯವನೂ ಮೇಲೆ ಬಂದಿದ್ದ, ಮಾಲು ಎಲ್ಲಿ ಹೋಯಿತೋ ಎಂದು. ಜಗಳಕ್ಕೇ ಬಂದವನು ಬಾಗಿಲಲ್ಲಿ ಕೈಕಟ್ಟಿ ನಿಂತು ಪೂರ್ತಿ ಕೇಳಿದ. ಅವನದೂ ಒಂದು ಯೂನಿಟ್ ಇದೆಯಂತೆ. ಮುಗಿದ ಮೇಲೆ ಹುಡುಗನ ಹತ್ತಿರ ಬಂದ.

"ತಮ್ಮಾ, ಇದಕ್ಕ ಎಷ್ಟು?"

"ದುಡ್ಡಿಲ್ಲಣ್ಣ. ಗಿಟ್‌ಹಬ್ ಅಂತ ವೆಬ್‌ಸೈಟ್‌ನಾಗ ಇಟ್ಟೀನಿ. ಓಪನ್ ಸೋರ್ಸ್, ಯಾರು ಬೇಕಾದ್ರೂ ತಗೋಬಹುದು."

"ಪುಕ್ಕಟೆ?"

"ಹ್ಞೂಂ, ಪುಕ್ಕಟೆ."

"ಬ್ಯಾಡ ಬಿಡು. ಪುಕ್ಕಟೆ ಮಾಲು ಕೆಟ್ರ ಯಾರನ್ನ ಹಿಡ್ಕೊಂಡು ಕೇಳ್ಲಿ?"

ಹುಡುಗ ನಮ್ಮ ಮುಖ ನೋಡಿದ. ಬೆಳಿಗ್ಗೆಯಿಂದ ಓಪನ್ ಸೋರ್ಸ್ ಮಹಿಮೆ ಹಾಡಿದ್ದ ನಾವೆಲ್ಲ ಶಾಮಿಯಾನದ ಹಗ್ಗ ನೋಡಲು ಶುರು ಮಾಡಿದೆವು.

"ಹಂಗಾದ್ರ ಎರಡು ಸಾವಿರ ಕೊಡ್ರಿ. ಕೆಟ್ರ ನಾನೇ ಬಂದು ಸರಿ ಮಾಡ್ತೀನಿ."

"ಈಗ ಬಂದಿ ನೋಡು ದಾರಿಗೆ. ಎರಡು ಜಾಸ್ತಿ ಆತು. ಒಂದು ಸಾವಿರ, ಮ್ಯಾಲೆ ಆ ಪ್ಯಾಂಟು ನೀನೇ ಇಟ್ಕೋ."

ಹುಡುಗ ಪ್ಯಾಂಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಗೇಟಿನಾಗ ಒಂದಕ್ಕ ಒಂದು ಫ್ರೀ ಅಂತ ಬರ್ದೀರಲ್ಲಣ್ಣ. ಇನ್ನೊಂದು ಯಾವಾಗ ಕೊಡ್ತೀರಿ?"